ಪೆಟ್ರೋಲಿಗೆ ಬಿದ್ದ ಅಂಕಿಗಳು

ಕೀಬೋರ್ಡಿನ ಕೀಗಳ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಪೆಟ್ರೋಲಿನಲ್ಲಿ ನೆನೆಹಾಕಬಾರದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಟೈಪ್‌ರೈಟರ್ ರಿಪೇರಿಯಲ್ಲಿ ಕೈ ಪಳಗಿದವನಿಗೆ ಕೇಳುವ ಅಭ್ಯಾಸ ಇರುವುದಿಲ್ಲ. ಕೊಳೆ ಕಂಡರೆ ಪೆಟ್ರೋಲು, ತುಕ್ಕು ಕಂಡರೆ ಸೀಮೆಎಣ್ಣೆ, ಎರಡಕ್ಕೂ ಬಗ್ಗದಿದ್ದರೆ ಸುತ್ತಿಗೆ. ಆದವಾನಿಯ ಅರ್ಧ ಆಫೀಸುಗಳ ಮಷಿನ್ನುಗಳು ಇಷ್ಟರ ಮೇಲೇ ನಡೆಯುತ್ತಿದ್ದವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹತ್ತಿಯ ಹಂಗಾಮು ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ, ಊರ ಹೊರಗೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಕಾರ್ಖಾನೆಯಿಂದ ನನಗೆ ಕರೆ ಬಂತು. ಅಲ್ಲಿ ಆ ವರ್ಷ ಹೊಸದಾಗಿ ಕಂಪ್ಯೂಟರ್ ತಂದಿದ್ದರು. ಹತ್ತಿ ಒತ್ತಿ ಕಟ್ಟಿದ ಪ್ರತಿ ಬೇಲಿನ ಮೇಲೂ ಕಪ್ಪು ಮಸಿಯಲ್ಲಿ ಒಂದು ನಂಬರು ಬರೆಯುತ್ತಾರೆ. ಆ ನಂಬರನ್ನೂ ಬೇಲಿನ ತೂಕವನ್ನೂ ಕಂಪ್ಯೂಟರಿಗೆ ಹಾಕಿ, ಲಾರಿಯ ಜೊತೆ ಒಂದು ಪಟ್ಟಿ ಕಳಿಸುವುದು ಅದರ ಕೆಲಸ. ಈಗ ಕೀ ಒಂದು ಸಲ ಒತ್ತಿದರೆ ಅಂಕಿ ಎರಡು ಸಲ ಬೀಳುತ್ತಿತ್ತು. ಹೈದರಾಬಾದಿನ ಎಂಜಿನಿಯರು ಬರಲು ಎರಡು ತಿಂಗಳು ಅಂದಿದ್ದನಂತೆ. ಹಾಳೂರಿಗೆ ಉಳಿದವನೇ ಗೌಡ.

“ಏಮಯ್ಯಾ, ಇದೂ ಟೈಪ್ ಮಾಡೋ ಮಷಿನ್ನೇ ಅಲ್ಲೇನು? ನೀನೇ ನೋಡು” ಎಂದರು ಮ್ಯಾನೇಜರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ.

ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದೆ. ಬೀಜದ ಸಿಪ್ಪೆ, ಧೂಳು, ಹತ್ತಿಯ ನವಿರು ಬುಳಬುಳ ಉದುರಿದವು. ಸೈಕಲ್ಲಿನ ಎರಡು ಕಡ್ಡಿಗಳ ತುದಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಒಂದು ಟೊಪ್ಪಿಗೆಯನ್ನು ಎರಡೂ ಕಡೆಯಿಂದ ಹಿಡಿದು ಮೇಲೆತ್ತಿದೆ. ಟಪ್ಪನೆ ಬಂತು. ಒಳಗೆ ಒಂದು ಸಣ್ಣ ಕಡ್ಡಿ, ಅದರ ಕೆಳಗೆ ಸ್ಪ್ರಿಂಗು. ಕಡ್ಡಿಯ ಸುತ್ತ ಹತ್ತಿಯ ಎಳೆ ಬತ್ತಿಯಂತೆ ಸುತ್ತಿಕೊಂಡಿತ್ತು. ಒತ್ತಿದ ಕೀ ಮೇಲೇಳಲಾರದೆ ನಡುಗಿ ಅಂಕಿ ಎರಡಾಗುತ್ತಿದ್ದುದು ಇದಕ್ಕೇ. ಬಲಗಡೆ ಪ್ರತ್ಯೇಕವಾಗಿದ್ದ ಅಂಕಿಗಳ ಮಣೆಯಲ್ಲೇ ಕೊಳೆ ಹೆಚ್ಚು, ಏಕೆಂದರೆ ಹಗಲೆಲ್ಲ ಹೊಡೆಯುತ್ತಿದ್ದುದು ಅಂಕಿಗಳನ್ನೇ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಟೊಪ್ಪಿಗೆ ಕಿತ್ತೆ. ಕಡ್ಡಿಗಳನ್ನು ಕುಂಚದಿಂದ ಶುದ್ಧ ಮಾಡಿದೆ. ಟೊಪ್ಪಿಗೆಗಳನ್ನು ಪೆಟ್ರೋಲಿನ ಬಟ್ಟಲಿಗೆ ಹಾಕಿ ಊಟಕ್ಕೆ ಹೋದೆ.

ಊಟ ಮಾಡಿ ಬಂದು ನೋಡಿದರೆ ಹತ್ತೂ ಬೂದಿ ಬಳಿದಂತೆ ಮಂಕಾಗಿ ಕೂತಿದ್ದವು. ಕೈಗೆ ಅಂಟುತ್ತಿದ್ದವು. ಎರಡಕ್ಕೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅಂಕಿ ಯಾವುದೆಂದು ಬೆಳಕಿಗೆ ಹಿಡಿದು ಊಹಿಸಬೇಕು.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಮಂತ್ರಾಲಯದ ಹುಡುಗಿ. ತಂದೆ ಅಲ್ಲಿ ಪೌರೋಹಿತ್ಯ ಮಾಡುವವರು. ಬೆಳಗಿನ ಪ್ಯಾಸೆಂಜರಿಗೆ ಆದವಾನಿಗೆ ಬಂದು, ಸಂಜೆ ನಾಲ್ಕಕ್ಕೆ ಎದ್ದು ಮತ್ತೆ ಗಾಡಿ ಹಿಡಿಯುತ್ತಿದ್ದಳು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದು ಇಟ್ಟುಕೊಂಡಿದ್ದರು. ಕಾರ್ಖಾನೆಯ ಹಿರಿಯ ಗುಮಾಸ್ತರು ಆಕೆಯ ತಂದೆಗೆ ಪರಿಚಯದವರು, ಅವರ ಮಾತಿನ ಮೇಲೆ ಮನೆಯವರು ಕಳಿಸಿದ್ದರು. ಒಂದೇ ಒಂದು ದೂರು ಬಂದರೂ ಮನೆಗೆ ವಾಪಸು, ಆಮೇಲೆ ಇನ್ನೆಲ್ಲಿಗೂ ಕಳಿಸುವುದಿಲ್ಲ ಎಂಬ ಕರಾರಿನ ಮೇಲೆ. ಇದನ್ನು ಆಕೆಯೇ ಒಂದು ದಿನ ಬುತ್ತಿ ಬಿಚ್ಚುತ್ತ ನನಗೆ ಹೇಳಿದ್ದು.

ಟೊಪ್ಪಿಗೆಗಳ ಗತಿ ಕಂಡು ಆಕೆ ಅಳಲಿಲ್ಲ, ಬೈಯಲಿಲ್ಲ. “ಇರ್ಲಿ ಬಿಡ್ರಿ ಅಣ್ಣಾರ, ಕಡ್ಡಿ ಅವ ಅಲ್ರಿ” ಎಂದು ಬರೀ ಕಡ್ಡಿಗಳ ಮೇಲೇ ಬೆರಳಿಟ್ಟಳು. ಟೈಪಿಂಗ್ ಕಲಿಸಿದ ಮಾಸ್ತರರು ಕೈ ನೋಡಿಕೊಂಡರೆ ರೂಲರಿನಿಂದ ಹೊಡೆಯುತ್ತಿದ್ದರಂತೆ. ಹಾಗಾಗಿ ಕಣ್ಣು ಎಡಗಡೆ ಬೇಲಿನ ನಂಬರು, ತೂಕ ಬರೆದ ಚೀಟಿಯ ಮೇಲೆ, ಬಲಗೈ ತನ್ನ ಪಾಡಿಗೆ ತಾನು. ಐದು ದಿನ ಹಾಗೇ ಹೊಡೆದಳು. ಬೆರಳ ತುದಿ ಕೆಂಪಾಗಿ ಬಾತುಕೊಂಡಿತ್ತು. ನಾನು ಆ ಕಡೆ ನೋಡದಂತೆ ಓಡಾಡಿದೆ.

ಹೊಸ ಟೊಪ್ಪಿಗೆಗಾಗಿ ಸಿಕಂದರಾಬಾದಿನ ಒಬ್ಬ ವ್ಯಾಪಾರಿಗೆ ಬರೆಸಿದ್ದೆ. ಬಸ್ಸಿನ ಪಾರ್ಸಲ್ಲಿನಲ್ಲಿ ಬಂದವು. ನಾನು ಎಮ್ಮಿಗನೂರಿಗೆ ಹೋಗಿದ್ದರಿಂದ ಆಕೆಯೇ ಅವನ್ನು ಕೂರಿಸಿಕೊಂಡಿದ್ದಳು. ಬಂದು ಮುಟ್ಟಿ ನೋಡಿ ನನಗೆ ಮೈಯೆಲ್ಲ ಉರಿಯಿತು. ಶೇಂಗಾ ಸಿಪ್ಪೆಯಷ್ಟು ತೆಳ್ಳಗೆ. ಕಡ್ಡಿಯ ಮೇಲೆ ಲೊಡಲೊಡ ಅಲ್ಲಾಡುತ್ತಿದ್ದವು. ಒಂದೊಂದನ್ನೇ ಎತ್ತಿ, ಒಳಗಿನ ತೂತಿಗೆ ಸಿಗರೇಟು ಪ್ಯಾಕಿನ ಬೇಗಡೆ ಮಡಿಸಿ ತುರುಕಿ, ಅಲ್ಲಲ್ಲೇ ಬಿಗಿ ಮಾಡಿದೆ. ಬಿಗಿಯಾದವು ಕೆಳಗೆ ಹೋದರೆ ಮೇಲೆ ಬರುತ್ತಿರಲಿಲ್ಲ. ಬೇಗಡೆ ಕಿತ್ತು ದಾರ ಸುತ್ತಿದೆ. ದಾರ ಎರಡು ದಿನಕ್ಕೆ ಬಿಚ್ಚಿಕೊಂಡಿತು. ಇಷ್ಟರ ಮೇಲೆ, ಅಂಕಿಗಳನ್ನು ಬರೀ ಬಣ್ಣದಲ್ಲಿ ಅಚ್ಚು ಹಾಕಿದ್ದರು. ಜಿನ್ನಿನ ಧೂಳು, ಬೆರಳಿನ ಬೆವರು ಎರಡೂ ಸೇರಿ ಉಜ್ಜಿ ಉಜ್ಜಿ, ಹತ್ತೇ ದಿನದಲ್ಲಿ ಹತ್ತು ಟೊಪ್ಪಿಗೆಯೂ ಬೋಳು. ಆ ವ್ಯಾಪಾರಿಗೆ ಎರಡು ಕಾಗದ ಬರೆದೆ. ಮೊದಲನೆಯದರಲ್ಲಿ ಮರ್ಯಾದೆ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಎರಡಕ್ಕೂ ಉತ್ತರ ಬರಲಿಲ್ಲ.

ಸಿಟ್ಟಿನಲ್ಲಿ ಒಂದು ದಿನ ನನ್ನ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ, ಮಂಕಾದ ಟೊಪ್ಪಿಗೆಗಳನ್ನು ಹೊರಗೆ ಸುರಿದೆ. ಬಿಸಾಡುವುದೇ ಆದರೆ ಒಮ್ಮೆ ಕೊಯ್ದಾದರೂ ನೋಡೋಣವೆಂದು ಸೊನ್ನೆಯ ಅಂಚನ್ನು ಬ್ಲೇಡಿನಿಂದ ಕೆತ್ತಿದೆ. ಕೆತ್ತಿದಷ್ಟೂ ಅಂಕಿ ಒಳಗೆ ಹಾಗೇ ಇತ್ತು. ಇದು ಮೇಲೆ ಬಳಿದದ್ದಲ್ಲ. ಬೂದು ಪ್ಲಾಸ್ಟಿಕ್ಕಿನ ಅಚ್ಚಿನೊಳಗೆ ಬಿಳಿಯ ಪ್ಲಾಸ್ಟಿಕ್ಕನ್ನೇ ಅಂಕಿಯಾಗಿ ಹೊಯ್ದು ಮಾಡಿದ್ದು. ಎಮ್ಮಿಗನೂರಿನ ಮಗ್ಗದವರು ಸೀರೆಯ ಜೊತೆಗೇ ಅಂಚು ನೇಯುತ್ತಾರಲ್ಲ, ಹಾಗೆ. ಪೆಟ್ರೋಲು ತಿಂದದ್ದು ಮೇಲಿನ ತೊಗಲನ್ನು ಮಾತ್ರ. ಮೇಲಿನದನ್ನು ಉಜ್ಜಿ ತೆಗೆದರೆ ಕೆಳಗೆ ಅಂಕಿ ಹೊಸದಾಗಿಯೇ ಇರಬೇಕು.

ಬಡಗಿಯ ಹತ್ತಿರ ಮರ ತಿಕ್ಕಿ ನುಣುಪು ಮಾಡುವ ಸಣ್ಣ ಉಪ್ಪು ಕಾಗದ ಇಸಿದುಕೊಂಡೆ. ಗಾಜಿನ ಮೇಲೆ ಅದನ್ನು ಹಾಸಿ, ನೀರು ಚಿಮುಕಿಸಿ, ಟೊಪ್ಪಿಗೆಯನ್ನು ತಲೆಕೆಳಗು ಹಿಡಿದು ತಿಕ್ಕಿದೆ. ಮಂಕು ಹೋಗುವವರೆಗೆ ಉಪ್ಪು ಕಾಗದ, ಗೀರು ಹೋಗುವವರೆಗೆ ಹಲ್ಲುಪುಡಿ, ಕೊನೆಗೆ ಹಳೆಯ ಧೋತರದ ಚೂರಿಗೆ ಕೊಬ್ಬರಿ ಎಣ್ಣೆ. ಬಿರುಕುಗಳಿಗೆ ಒಳಗಿನಿಂದ ಅಂಟು ತುಂಬಿದೆ. ಮೂರು ಮಧ್ಯಾಹ್ನ ಇದೇ ಕೆಲಸ. ಅವುಗಳಲ್ಲಿ ಕೆಲವು ಹಿಂದಕ್ಕೆ, ಕೆಲವು ಮುಂದಕ್ಕೆ ಓರೆಯಾಗಿದ್ದವು. ಅಚ್ಚು ಹೊಯ್ದವನ ಕೈ ಸರಿಯಿಲ್ಲ ಎಂದುಕೊಂಡು ಅದನ್ನೂ ತಿಕ್ಕಿ ಒಂದೇ ಮಟ್ಟಕ್ಕೆ ತಂದೆ.

ಬೋಳು ಟೊಪ್ಪಿಗೆಗಳನ್ನು ಕಿತ್ತೆಸೆದು, ಇವನ್ನು ಕೂರಿಸಿದೆ. ಮೇಲಿನ ಸಾಲಿನಲ್ಲಿ ಒಂದು, ಎರಡು, ಮೂರು. ನಡುವೆ ನಾಲ್ಕು, ಐದು, ಆರು. ಅದರ ಕೆಳಗೆ ಏಳು, ಎಂಟು, ಒಂಬತ್ತು. ತಳದಲ್ಲಿ ಉದ್ದನೆಯ ಸೊನ್ನೆ. ಪ್ರತಿ ಕೀಯನ್ನೂ ಐದೈದು ಸಲ ಒತ್ತಿ, ತೆರೆಯ ಮೇಲೆ ಐದೇ ಅಂಕಿ ಬಿದ್ದವೆಂದು ಎಣಿಸಿದೆ. ಎಲ್ಲೂ ಆರು ಬೀಳಲಿಲ್ಲ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹುಡುಗಿ ಕೂತು ನಾಲ್ಕು ಚೀಟಿ ಹೊಡೆದಳು. “ಅಣ್ಣಾರ, ಬೆರಳಿಗೆ ಯಾಕೋ ಬ್ಯಾರೆ ಅನಸ್ತದ್ರಿ” ಎಂದಳು.

“ತಿಕ್ಕಿದ ಮ್ಯಾಲೆ ಹಂಗ ಅನಸ್ತೈತವ್ವ. ನಾಕು ದಿನಕ್ಕ ರೂಢಿ ಆಗ್ತೈತಿ” ಎಂದೆ. ಆಕೆ ಕೆಳಗೆ ನೋಡಲಿಲ್ಲ. ನೋಡಿದ್ದರೆ ರೂಲರಿನ ಏಟು ನೆನಪಾಗುತ್ತಿತ್ತೇನೋ. ನಾನೂ ನೋಡಲಿಲ್ಲ.

ಹಿರಿಯ ಗುಮಾಸ್ತರು ಮಾತ್ರ ತಮ್ಮ ಮೇಜಿನಿಂದ ಎದ್ದು ಬಂದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಕಂಪ್ಯೂಟರು ಬಂದ ದಿನದಿಂದ ಅದನ್ನು “ಡಬ್ಬಿ” ಎಂದೇ ಕರೆಯುತ್ತಿದ್ದವರು ಅವರು. “ಈಗ ನೋಡಪಾ ಅಂಕಿ ಕಾಣಸ್ತಾವ” ಎಂದು ನನ್ನ ಬೆನ್ನು ತಟ್ಟಿದರು.

ಎರಡು ವಾರದ ಮೇಲೆ ಎಮ್ಮಿಗನೂರು ದಾರಿಯ ನೂಲಿನ ಗಿರಣಿಯೊಂದರಿಂದ ಲಾರಿ ತುಂಬಿದ್ದು ತುಂಬಿದಂತೆ ವಾಪಸು ಬಂತು. ಬೇಲಿನ ಮೇಲಿನ ನಂಬರು ಒಂದು, ಪಟ್ಟಿಯಲ್ಲಿದ್ದದ್ದು ಇನ್ನೊಂದು. ಎಲ್ಲ ಬೇಲುಗಳಲ್ಲ, ನಡುನಡುವೆ ಕೆಲವು. ಮೂರು ದಿನದ ಮೇಲೆ ಎರಡನೆಯ ಲಾರಿ. ಮ್ಯಾನೇಜರ ದನಿ ಅಂಗಳದಲ್ಲಿ ಹತ್ತಿ ಹರವುತ್ತಿದ್ದ ಹೆಂಗಸರಿಗೂ ಕೇಳುತ್ತಿತ್ತು.

“ಕೈ ನೋಡದೆ ಹೊಡದ್ರ ಇನ್ನೇನಾಗ್ತದ? ಆ ಪಿಲ್ಲ ಕಣ್ಣು ಎಲ್ಲೋ ಇಟ್ಟಿರ್ತದ, ಕೈ ಎಲ್ಲೋ.”

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. “ನಾ ಹಾಕಿದ್ದು ಸರಿ ಅದಾವ್ರಿ” ಎಂದು ಒಂದೇ ಮಾತು ಹೇಳಿದಳು. ಮತ್ತೆ ಕೇಳಿದರೂ ಅದೇ. ಹಾಗಾದರೆ ಮಷಿನ್ನಿನ ತಪ್ಪೇ ಎಂದು ಅವರು ನನ್ನನ್ನು ಕರೆಸಿದರು. ನನ್ನ ಮೂರು ಮಧ್ಯಾಹ್ನದ ಕೆಲಸದ ಮೇಲೆ ಯಾರೋ ಉಗುಳಿದಂತಾಯಿತು. ಕೀ ಎಲ್ಲ ಸರಿಯಾಗಿವೆ ಎಂದು ಅಲ್ಲೇ ವಾದಿಸಿದೆ. ಬರೆದುಕೊಡು ಅಂದರು. ಕೀಬೋರ್ಡು ಪೂರ್ತಿ ಸುಸ್ಥಿತಿಯಲ್ಲಿದೆ, ತಪ್ಪಿಗೆ ಅದು ಕಾರಣವಲ್ಲ ಎಂದು ಬರೆದು, ಸಹಿ ಹಾಕಿ, ಮೇಲೆ ನನ್ನ ರಬ್ಬರ್ ಮೊಹರನ್ನೂ ಒತ್ತಿಕೊಟ್ಟೆ. ಆ ಚೀಟಿ ಆಕೆಯ ಮೇಲೆ ಬೀಳುತ್ತದೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು. ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಶನಿವಾರ ಕೊನೆಯ ದಿನ ಎಂದು ಆಕೆಗೆ ಹೇಳಿದರು. ಶನಿವಾರ ಆಕೆ ಬರಲೇ ಇಲ್ಲ.

ನಾನು ಅವತ್ತು ಅಲ್ಲಿನ ಟೈಪ್‌ರೈಟರಿಗೆ ರಿಬ್ಬನ್ ಹಾಕಲು ಹೋಗಿದ್ದೆ. ಕುರ್ಚಿ ಖಾಲಿ. ಲಾರಿ ನಿಂತಿತ್ತು. ಪಟ್ಟಿ ಮಾಡುವವರಿಲ್ಲ. ತಿರುಗಿ ಬಂದ ಎರಡು ಪಟ್ಟಿಗಳು ಮೇಜಿನ ಮೇಲೆ ಬಿದ್ದಿದ್ದವು. ತಪ್ಪುಗಳಿಗೆಲ್ಲ ಕೆಂಪು ಮಸಿಯಲ್ಲಿ ಸುತ್ತು ಹಾಕಿ, ಬೇಲಿನ ಮೇಲಿದ್ದ ನಂಬರನ್ನು ಪಕ್ಕದಲ್ಲಿ ಬರೆದಿದ್ದರು. ಆಕೆ ಎಷ್ಟು ತಪ್ಪು ಮಾಡಿದ್ದಾಳೆಂದು ನೋಡಿ ಸಮಾಧಾನ ಮಾಡಿಕೊಳ್ಳೋಣವೆಂದೇ ಅವನ್ನು ಎತ್ತಿಕೊಂಡೆ.

ಏಳು ಇರಬೇಕಾದಲ್ಲಿ ಒಂದು. ಒಂದು ಇರಬೇಕಾದಲ್ಲಿ ಏಳು. ಎಂಟರ ಜಾಗದಲ್ಲಿ ಎರಡು, ಮೂರರ ಜಾಗದಲ್ಲಿ ಒಂಬತ್ತು. ಎಷ್ಟು ಹುಡುಕಿದರೂ ನಾಲ್ಕು, ಐದು, ಆರು, ಸೊನ್ನೆಗಳಲ್ಲಿ ಒಂದೂ ತಪ್ಪಿಲ್ಲ. ಮನಸ್ಸು ಎಲ್ಲೋ ಇದ್ದು ಆದ ತಪ್ಪು ಹೀಗೆ ಸಾಲು ಹಿಡಿದು ಆಗುವುದಿಲ್ಲ.

ಅಷ್ಟರಲ್ಲಿ ಹಿರಿಯ ಗುಮಾಸ್ತರು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತರು. ಸುತ್ತ ಒಮ್ಮೆ ನೋಡಿ, ನನ್ನೊಬ್ಬನನ್ನೇ ಕಂಡು, ಚೀಟಿಯ ಮೇಲೆ ಎಡಗೈ ಬೆರಳಿಟ್ಟು, ಬಲಗೈಯ ಒಂದೇ ಬೆರಳಿನಿಂದ ಕೀ ಹುಡುಕಿ ಹುಡುಕಿ ಒತ್ತತೊಡಗಿದರು. ಮೊದಲ ಸಲ ಒತ್ತುವವರ ಕೈಯಲ್ಲ ಅದು. ತೆರೆಯ ಕಡೆ ಅವರು ನೋಡುತ್ತಲೇ ಇರಲಿಲ್ಲ. ಅವರ ಬೆರಳು ಏಳರ ಮೇಲೆ ಬಿತ್ತು. ತೆರೆಯ ಮೇಲೆ ಒಂದು ಮೂಡಿತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ. ಅಂಕಿಗಳ ಮಣೆಯಲ್ಲಿ ಏಳು ಎಂಟು ಒಂಬತ್ತು ಮೇಲಿರುತ್ತವೆ, ಒಂದು ಎರಡು ಮೂರು ಕೆಳಗೆ. ಮ್ಯಾನೇಜರ ಮೇಜಿನ ಮೇಲಿನ ಕ್ಯಾಲ್ಕುಲೇಟರಿನಲ್ಲೂ ಹಾಗೇ ಇತ್ತು, ದಿನಾ ನೋಡುತ್ತಿದ್ದೆ. ಟೈಪ್‌ರೈಟರಿನ ಕೀಗಳು ಸರಳಿಗೆ ಕಚ್ಚಿಕೊಂಡಿರುತ್ತವೆ, ಕಿತ್ತು ಬೇರೆ ಕಡೆ ಕೂರಿಸುವ ಮಾತೇ ಇಲ್ಲ. ಹಾಗಾಗಿ ಕೀಳುವ ಮೊದಲು ಯಾವುದು ಎಲ್ಲಿತ್ತೆಂದು ಗುರುತು ಹಾಕಿಕೊಳ್ಳುವ ಚಾಳಿಯೇ ನನಗಿರಲಿಲ್ಲ. ಕೂರಿಸಿದ ಮೇಲೆ ಎಷ್ಟು ಅಂಕಿ ಬಿದ್ದವೆಂದು ಎಣಿಸಿದ್ದೆ, ಯಾವ ಅಂಕಿ ಬಿತ್ತೆಂದು ಓದಿರಲಿಲ್ಲ. ಆ ಓರೆಯೂ ಅಚ್ಚಿನ ದೋಷವಲ್ಲ. ಯಾವ ಸಾಲು ಎಂದು ಬೆರಳಿಗೆ ತಿಳಿಯಲೆಂದೇ ಮಾಡಿದ್ದು. ಅದನ್ನೂ ತಿಕ್ಕಿ ಹಾಳು ಮಾಡಿದ್ದೆ. ನೋಡದೆ ಹೊಡೆಯುವ ಆಕೆಗೆ ಟೊಪ್ಪಿಗೆಯ ಮೇಲೆ ಏನಿದ್ದರೂ ಒಂದೇ, ಆಕೆಯ ಅಂಕಿಗಳು ಸರಿಯಾಗಿಯೇ ಬಿದ್ದಿದ್ದವು. ನೋಡಿ ನೋಡಿ ಒತ್ತಿದವರದು ತಪ್ಪಿತ್ತು.

“ಕಾಕಾ, ಸಂಜೀ ಚೀಟಿ ಯಾರು ಹಾಕ್ತಿದ್ರಿ?” ಎಂದು ಕೇಳಿದೆ.

ಅವರ ಬೆರಳು ಕೀಯ ಮೇಲೇ ನಿಂತಿತು. “ಆಕಿ ನಾಕಕ್ಕ ಹೋದ ಮ್ಯಾಲೆ ಬಂದ ಚೀಟಿ ನಾನ ಹಾಕ್ತಿದ್ದೆ. ಊಟದ ಹೊತ್ತಿನಾಗ ಆಕೀನ ಕಲಿಸಿದ್ಲು. ಈ ವಯಸ್ಸಿನಾಗ ಹುಡುಗಿ ಹತ್ರ ಕಲೀತಾನಂತ ಮಂದಿ ನಗ್ತಾರ, ಯಾರಿಗೂ ಹೇಳಬ್ಯಾಡವ್ವಾ ಅಂದಿದ್ದೆ. ಹೇಳಲಿಲ್ಲ ನೋಡು ಆಕಿ.”

“ಲಾರಿ ತಿರುಗಿ ಬಂದಾಗರ ನೀವು ಹೇಳಬೇಕಿಲ್ಲೇನ್ರಿ?”

“ನಾನು ನೋಡಿ ನೋಡಿ ಒತ್ತೀನಿ, ಆಕಿ ನೋಡದ ಹೊಡೀತಾಳ. ತಪ್ಪು ಆಕೀದ ಇರಬೇಕಂತ ಅಂದ್ಕೊಂಡೆ. ಹಂಗ ಅಂದ್ಕೊಳ್ಳೋದು ಸಲೀಸಿತ್ತು.”

ನಾನು ತೆರೆಯ ಮೇಲಿನ ಒಂದನ್ನು ತೋರಿಸಿದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಕೀಯ ಮೇಲಿನ ಏಳನ್ನು ನೋಡಿದರು. ಆಮೇಲೆ ನನ್ನನ್ನು.

ಆ ಹೊತ್ತಿನ ಬಗ್ಗೆ ಮುಚ್ಚುಮರೆ ಮಾಡುವುದಿಲ್ಲ. ಆರು ಟೊಪ್ಪಿಗೆ ಕಿತ್ತು ಆಚೀಚೆ ಮಾಡಲು ಎರಡು ನಿಮಿಷ ಸಾಕಿತ್ತು. ಸೈಕಲ್ ಕಡ್ಡಿಯ ಕೊಕ್ಕೆ ನನ್ನ ಜೇಬಿನಲ್ಲೇ ಇತ್ತು. ನಾನು ಅವರ ವಿಷಯ ಹೇಳದಿದ್ದರೆ ಅವರು ನನ್ನ ವಿಷಯ ಹೇಳುತ್ತಿರಲಿಲ್ಲ. ನನ್ನ ಮೊಹರು ಉಳಿಯುತ್ತಿತ್ತು, ಅವರ ವಯಸ್ಸಿನ ಮಾನ ಉಳಿಯುತ್ತಿತ್ತು. ಸೋಮವಾರದಿಂದ ಲಾರಿ ವಾಪಸು ಬರುವುದು ನಿಲ್ಲುತ್ತಿತ್ತು. ಹುಡುಗಿಯನ್ನು ತೆಗೆದದ್ದರಿಂದಲೇ ಸರಿಹೋಯಿತು ಎಂದು ಊರೆಲ್ಲ ಹೇಳುತ್ತಿತ್ತು. ಇದನ್ನೆಲ್ಲ ನಾವಿಬ್ಬರೂ ಬಾಯಿ ಬಿಡದೆಯೇ ಮಾತಾಡಿಕೊಂಡೆವು ಅನಿಸುತ್ತದೆ. ಕೈ ಜೇಬಿಗೆ ಹೋಗಿ ಕೊಕ್ಕೆಯನ್ನು ಹಿಡಿದಿತ್ತು. ಬಾತ ಬೆರಳಿನಲ್ಲಿ ಐದು ದಿನ ಕಡ್ಡಿ ಒತ್ತಿದವಳನ್ನು ನೆನೆದು ನನ್ನ ಮೇಲೆ ನನಗೇ ಹೇಸಿಗೆಯಾಗಿ ಕೈ ಹೊರಗೆ ತೆಗೆದೆ.

ಗುಮಾಸ್ತರು ಕುರ್ಚಿ ಹಿಂದೆ ಸರಿಸಿ ಎದ್ದರು. “ನೀ ಮದ್ಲು ಹೇಳ್ತಿಯೋ, ನಾ ಹೇಳ್ಲೋ?”

ಇಬ್ಬರೂ ಒಟ್ಟಿಗೇ ಹೋದೆವು. ನಾನು ನನ್ನದು ಹೇಳಿದೆ, ಅವರು ಅವರದು. ಮ್ಯಾನೇಜರು ನಂಬಲಿಲ್ಲ. ಅವರೇ ಬಂದು ಏಳು ಒತ್ತಿದರು, ಒಂದು ಬಂತು. ಒಂದು ಒತ್ತಿದರು, ಏಳು ಬಂತು. ನಾನು ಬರೆದುಕೊಟ್ಟ ಚೀಟಿಯನ್ನು ಫೈಲಿನಿಂದ ತೆಗೆದು ನನ್ನ ಎದುರಿಗೇ ನಾಲ್ಕು ಚೂರು ಮಾಡಿದರು. ಬೈಗುಳ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಿತು. ಗುಮಾಸ್ತರಿಗೆ ಒಂದೂ ಮಾತು ಅನ್ನಲಿಲ್ಲ. ಅವರ ಪಾಲಿನದೂ ನನಗೇ ಬಂತು. ಆಮೇಲೆ ಕೂತು, ತಪ್ಪು ಆಕೆಯದಲ್ಲ, ಇವತ್ತಿನಿಂದಲೇ ಕಾಯಂ ಮಾಡಿದೆ ಎಂದು ಕಾರ್ಖಾನೆಯ ಕಾಗದದ ಮೇಲೆ ಬರೆದರು.

“ನೀನೇ ಒಯ್ದು ಕೊಡು. ಆ ಅಮ್ಮಾಯಿ ಬರಲಿಲ್ಲಾಂದ್ರ ನೀನೂ ಈ ಗೇಟಿನೊಳಗ ಬರಬ್ಯಾಡ” ಎಂದರು.

ಭಾನುವಾರ ಮಂತ್ರಾಲಯಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಂದೆ ಜಗಲಿಯ ಮೇಲೆ ಕೂತು ದರ್ಭೆ ಬಿಡಿಸುತ್ತಿದ್ದರು. ನಾನು ಯಾರು, ಏನು ಮಾಡಿದೆ ಎಂಬುದನ್ನೆಲ್ಲ ನಿಂತೇ ಹೇಳಿದೆ. ಪೆಟ್ರೋಲಿನಿಂದ ಹಿಡಿದು ಮೊಹರಿನವರೆಗೆ. ಅವರು ಪೂರ್ತಿ ಕೇಳಿದರು.

“ಖರೇ ಹೇಳಿದ್ರಿ, ಸಂತೋಷ. ಆದ್ರ ಕೆಲಸದಿಂದ ತಗದಾರಂತ ಓಣಿ ತುಂಬ ಆಗ್ಯದ. ತಪ್ಪು ಯಾರದು ಅಂತ ಮನಿ ಮನಿಗೆ ಹೋಗಿ ಹೇಳಲಿಕ್ಕೆ ಆಗ್ತದೇನು? ಇನ್ನ ಕಳಸೂದು ಬ್ಯಾಡ ಅಂತ ಮಾಡೇವಿ.”

“ಮನಿ ಮನಿಗೆ ಬೇಕಾದ್ರ ನಾನ ಹೋಗಿ ಹೇಳ್ತೀನ್ರಿ” ಎಂದೆ. ಆ ಕ್ಷಣಕ್ಕೆ ನಿಜವಾಗಿಯೂ ಹೋಗುತ್ತಿದ್ದೆ. ಅವರು ತಲೆ ಅಲ್ಲಾಡಿಸಿ ಮತ್ತೆ ದರ್ಭೆಗೆ ಕೈ ಹಾಕಿದರು. ಮಾತು ಮುಗಿಯಿತು ಎಂಬಂತಿತ್ತು. ಇಷ್ಟು ದೂರ ಬಂದು, ಎಲ್ಲ ಒಪ್ಪಿಕೊಂಡು, ಮಾಡಿದ ಹಾನಿಯಲ್ಲಿ ಒಂದು ಎಳೆಯನ್ನೂ ಹಿಂದಕ್ಕೆ ತರಲಾಗದಲ್ಲ ಎಂದು ನನಗೆ ಅಳು ಬರುವಷ್ಟು ರೇಗಿತು.

ಹುಡುಗಿ ಒಳಗಿಂದ ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಹೊಸ್ತಿಲಲ್ಲೇ ನಿಂತು ಎರಡು ಸಲ ಓದಿದಳು. ತಂದೆಯ ಮುಂದೆ ಕೂತು ಅದನ್ನು ಅವರ ತೊಡೆಯ ಮೇಲಿಟ್ಟಳು.

“ಅಪ್ಪಾ, ದೂರು ಬಂದ್ರ ಬಿಡಿಸ್ತೀನಿ ಅಂದಿದ್ರಿ. ದೂರು ತಪ್ಪು ಅಂತ ಅವರ ಕೈಯಾರೆ ಬರದು ಕೊಟ್ಟಾರ. ಇನ್ನ ಬಿಡಿಸಿದ್ರ ಮಾತಿಗೆ ತಪ್ಪಿದವರು ನೀವಾಗ್ತೀರಿ.”

ತಂದೆ ಕಾಗದವನ್ನು ದೂರ ಹಿಡಿದು ಓದಿದರು. ಕೊನೆಗೆ ಅದನ್ನು ಮಗಳ ಕೈಗೆ ವಾಪಸು ಕೊಟ್ಟು, “ಬೆಳಗಿನ ಗಾಡಿ ಎಷ್ಟಕ್ಕ?” ಎಂದರು. ಎಷ್ಟಕ್ಕೆಂದು ಅವರಿಗೆ ಗೊತ್ತಿತ್ತು.

ನಾನು ಕೈ ಮುಗಿದು ಮೆಟ್ಟಿಲಿಳಿದೆ. ಹುಡುಗಿ ಹಿಂದೆಯೇ ಬಂದಳು. ಏನಾದರೂ ಅನ್ನಲಿ, ಬೈಯಲಿ ಎಂದು ನಿಂತೆ.

“ಅಣ್ಣಾರ, ನಾಳೆ ಬರ್ತೀನಂತ ಮ್ಯಾನೇಜರಿಗೆ ಹೇಳ್ರಿ” ಎಂದಳು. “ಆದ್ರ ಒಂದು ಕರಾರು ಅದ. ಆ ಕೀಬೋರ್ಡಿಗೆ ಇನ್ನ ನೀವು ಕೈ ಹಚ್ಚಬಾರ್ದು. ಟೊಪ್ಪಿಗಿ ನಾನ ಸರಿ ಮಾಡ್ಕೊತೀನಿ.”

ಸೋಮವಾರ ಬೆಳಿಗ್ಗೆ ಆಕೆಯ ಗಾಡಿ ಬರುವ ಮೊದಲೇ ಕಾರ್ಖಾನೆಗೆ ಹೋಗಿ ಆ ಕರಾರನ್ನು ಮ್ಯಾನೇಜರಿಗೆ ಒಪ್ಪಿಸಿದೆ. ಸೈಕಲ್ ಕಡ್ಡಿಯ ಕೊಕ್ಕೆಗಳನ್ನು ಆಕೆಯ ಮೇಜಿನ ಮೇಲಿಟ್ಟು ಹೊರಗೆ ಬಂದೆ.